ಇಪ್ಪತ್ತು ನಿಮಿಷದ ನೀರು

ಮಾರ್ಚ್ 9

ಅಪ್ಪಾ,

ಗೆದ್ದೆವು! ಇದನ್ನು ಮೊದಲು ಓದಿಬಿಡು, ಕ್ಷೇಮಸಮಾಚಾರ ಆಮೇಲೆ. ನಾಲ್ಕೇ ನಾಲ್ಕು ರನ್ನಿನಿಂದ ಗೆದ್ದೆವು. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ, ಅವಳು ನಿನಗೆ ಕೈಸನ್ನೆ ಮಾಡಿ ಹೇಳಿರುತ್ತಾಳೆ. ಆದರೆ ಕೊನೆಯ ಓವರನ್ನು ಕೈಸನ್ನೆಯಲ್ಲಿ ಹೇಳಲಿಕ್ಕಾಗುತ್ತದೆಯೇ? ಮೂವತ್ತನಾಲ್ಕು ವರ್ಷ ಮೈದಾನದಲ್ಲಿ ರೋಲರ್ ಓಡಿಸಿ ನಿನ್ನ ಕಿವಿ ಹೋಯಿತು. ಅದರಿಂದ ಆದ ಒಂದೇ ಲಾಭವೆಂದರೆ ನನ್ನ ಕೈಬರಹ ಸುಧಾರಿಸಿದ್ದು.

ನಿನಗೆ ಲೆಕ್ಕ ತಪ್ಪಬಾರದೆಂದು ಮೊದಲಿಂದ ಹೇಳುತ್ತೇನೆ. ಟೂರ್ನಿಯಲ್ಲಿ ಎಂಟು ತಂಡ. ಒಂದು ಪಂದ್ಯ ಸೋತರೆ ಮನೆಗೆ. ಏಳು ತಂಡದ ಹುಡುಗಿಯರಿಗೆ ಕಾಂಟ್ರಾಕ್ಟ್ ಇದೆ, ಕೋಚ್ ಇದ್ದಾರೆ, ಮಂಡಿ ನೋಡಲು ಒಬ್ಬರು, ಭುಜ ನೋಡಲು ಒಬ್ಬರು ಇದ್ದಾರೆ. ಎಂಟನೆಯದು ನಾವು. ಯಾರ ಪಟ್ಟಿಯಲ್ಲೂ ಹೆಸರಿಲ್ಲದವರನ್ನು ಗುಡಿಸಿ ಒಟ್ಟು ಮಾಡಿದ ತಂಡ. ನಮ್ಮ ಕ್ಯಾಪ್ಟನ್ ಹೆರಿಗೆ ವಾರ್ಡಿನ ನರ್ಸ್. ಬ್ಯಾಟಿಂಗ್ ಮಾಡುವವರಿಗೆ ಬೌಂಡರಿ ಗೆರೆಯಿಂದಲೇ "ಉಸಿರು ತಗೋ, ಗಾಬರಿ ಬೇಡ, ಇನ್ನೊಂದೇ ಸಲ!" ಎಂದು ಕೂಗುತ್ತಾಳೆ. ವಿಕೆಟ್ ಕೀಪರ್ ಸಿಟಿ ಬಸ್ಸಿನ ಡ್ರೈವರ್. ಅವಳಿಗೆ ಫೀಲ್ಡರುಗಳೆಲ್ಲ ಪ್ರಯಾಣಿಕರೇ. "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ, ಜಾಗ ಇದೆ!" ಎಂದು ಅವಳು ಕೂಗಿದಾಗ ಎದುರು ತಂಡದ ಬ್ಯಾಟರ್ ಕೂಡ ಎರಡು ಹೆಜ್ಜೆ ಸರಿದಳು. ಇನ್ನು ನಾನು, ಲಿಫ್ಟ್ ರಿಪೇರಿಯವಳು. ತಂಡದಲ್ಲಿ ನನ್ನ ಹೆಸರು ಲಿಫ್ಟು.

ನಮ್ಮಲ್ಲೊಂದು ಪದ್ಧತಿಯಿದೆ. ಪಂದ್ಯದ ಹಿಂದಿನ ದಿನ ಹನ್ನೊಂದು ಜನವೂ ಮಂಜೂರಾದ ರಜಾ ಚೀಟಿಯನ್ನು ನರ್ಸಕ್ಕನ ಕೈಗೆ ಕೊಡಬೇಕು. ಅವಳು ಅದರ ಕಟ್ಟನ್ನು ಜೇಬಿನಲ್ಲಿಟ್ಟುಕೊಂಡೇ ಟಾಸಿಗೆ ಹೋಗುತ್ತಾಳೆ. ಚೀಟಿಯಲ್ಲಿ ಜ್ವರ, ಹೊಟ್ಟೆನೋವು, ಅಜ್ಜಿ ತೀರಿಕೊಂಡರು ಎಂದೆಲ್ಲ ಬರೆಯುವಂತಿಲ್ಲ. ನಿಜವಾದ ಕಾರಣವನ್ನೇ ಬರೆಯಬೇಕು: "ಕ್ರಿಕೆಟ್ ಆಡಲು." ನನ್ನ ಮೇಲಧಿಕಾರಿ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, "ಈ ವಯಸ್ಸಲ್ಲಾ?" ಅಂದರು. ಮೂವತ್ತೊಂದು ಅಂದೆ. ಸಹಿ ಹಾಕಿದರು.

ಕೊನೆಯ ಓವರ್ ನನ್ನದೇ. ಅವರಿಗೆ ಒಂಬತ್ತು ರನ್ ಬೇಕಿತ್ತು. ಯಾವಾಗಿನ ಹಾಗೆ ನೇರವಾಗಿ, ವೇಗವಾಗಿ, ಕಾಲ ಬುಡಕ್ಕೆ ಹಾಕಿದೆ. ನಾಲ್ಕು ಕೊಟ್ಟೆ. ಆಮೇಲೆ ಏನಾಯಿತೆಂದು ನೆನಪಿಲ್ಲ, ಡ್ರೈವರ್ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದಳು.

ಇನ್ನೆರಡೇ ಪಂದ್ಯ ಅಪ್ಪಾ. ಎರಡೇ!

ಕುಣಿಯುತ್ತಿರುವ ನಿನ್ನ ಮಗಳು


ಮಾರ್ಚ್ 16

ಮಗಳಿಗೆ ಆಶೀರ್ವಾದ.

ಪತ್ರ ತಲುಪಿತು. ಇಲ್ಲಿ ಬಿಸಿಲು ಜಾಸ್ತಿ. ಪೂರ್ವದ ಕಡೆ ಹುಲ್ಲು ಹಳದಿಯಾಗಿದೆ. ರೋಲರಿನ ಬೆಲ್ಟ್ ಬದಲಾಯಿಸಿದೆವು. ಗೆದ್ದದ್ದು ಸಂತೋಷ. ಬೆರಳಿಗೆ ಎಣ್ಣೆ ಹಚ್ಚಿಕೋ, ಗ್ರೀಸ್ ಮೆತ್ತಿದ ಕೈಯಲ್ಲಿ ಚೆಂಡು ಹಿಡಿಯಬೇಡ.

ಇತಿ,
ಮುಖ್ಯ ಮೈದಾನಪಾಲಕ

ಇದು ಅಮ್ಮ ಬರೆಯುತ್ತಿರುವುದು. ನಿನ್ನ ಅಪ್ಪ ನಿನ್ನ ಪತ್ರವನ್ನು ನಾಲ್ಕು ಸಲ ಓದಿ, ಊಟಕ್ಕೆ ಕೂತಾಗ ಐದನೇ ಸಲ ಓದಿದರು. ಬರೆದದ್ದು ಮಾತ್ರ ಹುಲ್ಲಿನ ವಿಚಾರ. ಮಗಳಿಗೆ ಬರೆಯುವಾಗಲೂ ಹುದ್ದೆ ಹಾಕಿ ಸಹಿ ಮಾಡುವ ಗಂಡಸನ್ನು ನಾನೊಬ್ಬಳೇ ಕಟ್ಟಿಕೊಂಡಿರುವುದು. ಚೆನ್ನಾಗಿ ಆಡು. ಬಿದ್ದು ಹಲ್ಲು ಮುರಿದುಕೊಳ್ಳಬೇಡ.


ಏಪ್ರಿಲ್ 6

ಮುಖ್ಯ ಮೈದಾನಪಾಲಕರಿಗೆ ಲಿಫ್ಟಿನವಳ ಸಲಾಮು!

ಫೈನಲ್! ಅಪ್ಪಾ, ನಾವು ಫೈನಲಿಗೆ ಬಂದೆವು!

ಇವತ್ತು ಬೆಳಿಗ್ಗೆ ನಡೆದದ್ದನ್ನು ಕೇಳಿದರೆ ನೀನು ನಂಬುವುದಿಲ್ಲ. ಸೆಮಿಫೈನಲ್ ಹತ್ತು ಗಂಟೆಗೆ. ಎಂಟು ಗಂಟೆಗೆ ನಮ್ಮ ಕಂಪನಿಯಿಂದ ಫೋನು. "ರಜೆಯಲ್ಲಿದ್ದೀಯ, ಗೊತ್ತು. ಆದ್ರೆ ಹೋಟೆಲಿನ ಲಿಫ್ಟ್ ಮಧ್ಯದಲ್ಲಿ ನಿಂತಿದೆ, ಒಳಗೆ ನಾಲ್ಕು ಜನ ಇದ್ದಾರೆ, ಹತ್ತಿರ ಇರೋಳು ನೀನೊಬ್ಬಳೇ." ಓಡಿದೆ. ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಿಂತ ಲಿಫ್ಟಿನಲ್ಲಿ ಯಾರಿದ್ದರು ಹೇಳು? ನಾವು ಇವತ್ತು ಆಡಬೇಕಿದ್ದ ತಂಡದ ಮೊದಲ ನಾಲ್ಕು ಬ್ಯಾಟರುಗಳು!

ನನ್ನ ಹಿಂದೆಯೇ ಓಡಿಬಂದ ನರ್ಸಕ್ಕ ಕಿವಿಯಲ್ಲಿ ಪಿಸುಗುಟ್ಟಿದಳು: "ಏನೇ, ಪಂದ್ಯ ಮುಗಿಯೋವರೆಗೂ ಪಾಪ ಅಲ್ಲೇ ರೆಸ್ಟ್ ತಗೊಳ್ಳಲಿ ಬಿಡೇ." ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಮೇಲಿನ ಮೆಷಿನ್ ರೂಮಿಗೆ ಹತ್ತಿ, ಬ್ರೇಕ್ ಸಡಿಲಿಸಿ, ಕೈಚಕ್ರ ತಿರುಗಿಸಿ ತಿರುಗಿಸಿ ಲಿಫ್ಟನ್ನು ಗೇಣು ಗೇಣಾಗಿ ಇಳಿಸಿದೆ. ಹೊರಗೆ ಬಂದವರಲ್ಲಿ ಒಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಅಂದಳು. ಆಮೇಲೆ ಪಂದ್ಯದಲ್ಲಿ ಅವಳನ್ನೇ ಬೌಲ್ಡ್ ಮಾಡಿದೆ. ಹೋಗುವಾಗ "ಲಿಫ್ಟಲ್ಲೇ ಚೆನ್ನಾಗಿತ್ತು" ಅಂದಳು! ಮೂರು ವಿಕೆಟ್ಟಿನಿಂದ ಗೆದ್ದೆವು.

ಈಗ ಮುಖ್ಯ ವಿಷಯ. ಫೈನಲ್ ಮೇ ಹನ್ನೊಂದಕ್ಕೆ, ನಿನ್ನ ಮೈದಾನದಲ್ಲಿ, ನಿನ್ನ ಮೈದಾನದ ತಂಡದ ಮೇಲೆ. ಅವರ ಕ್ಯಾಪ್ಟನ್ ಯಾರೆಂದು ನಿನಗೆ ಗೊತ್ತು. ಆ ಎತ್ತರದವಳು. ಹನ್ನೆರಡು ವರ್ಷದ ಹಿಂದೆ ಆಯ್ಕೆಯ ದಿನ ನನ್ನ ಒಂದೇ ಓವರಿನಲ್ಲಿ ಐದು ಫೋರ್ ಹೊಡೆದು ಕಾಂಟ್ರಾಕ್ಟ್ ತೆಗೆದುಕೊಂಡು ಹೋದವಳು.

ನರ್ಸಕ್ಕ ದಿನಾ ನನ್ನ ತಲೆ ತಿನ್ನುತ್ತಾಳೆ. "ನಿನ್ನ ಮಣಿಕಟ್ಟು ಹೀಗಿದೆ, ಚಕ್ರ ತಿರುಗಿಸಿ ಕಬ್ಬಿಣ ಆಗಿದೆ, ಚೆಂಡನ್ನ ಮೇಲಕ್ಕೆತ್ತಿ ತಿರುಗಿಸು, ಯಾಕೆ ಯಾವಾಗ್ಲೂ ನೇರಕ್ಕೆ ಹಾಕ್ತೀಯ?" ಅವಳಿಗೆ ಹೇಗೆ ಹೇಳಲಿ? ಹತ್ತು ವರ್ಷದವಳಿದ್ದಾಗ ರೋಲರ್ ಶೆಡ್ಡಿನಲ್ಲಿ ಅಮ್ಮನ ನೂಲಿನುಂಡೆ ಹಿಡಿಸಿ ನೀನು ಕಲಿಸಿದ ಚೆಂಡು ಅದು. ಹೆಬ್ಬೆರಳು ಬಿಟ್ಟು, ಮೂರನೇ ಬೆರಳಲ್ಲಿ ತಿರುಚಿ, ಮೇಲಕ್ಕೆ. ಆಯ್ಕೆಯ ದಿನ ಆರು ಸಲ ಹಾಕಿದೆ. ಆರು ಸಲವೂ ಚೆಂಡು ಒಂದು ಕೂದಲೆಳೆ ಅತ್ತಿತ್ತ ಹೋಗಲಿಲ್ಲ. ಯಾರೋ "ಪಿಚ್ ಸರಿ ಇರ್ಲಿಲ್ವೇನೋ" ಅಂದಾಗ ನಾನೇ ಜಗಳಕ್ಕೆ ನಿಂತೆ. ನಮ್ಮಪ್ಪ ಮಾಡಿದ ಪಿಚ್ ಸುಳ್ಳು ಹೇಳಲ್ಲ, ನನ್ನ ಬೆರಳೇ ಸುಳ್ಳು ಅಂದೆ. ಅವತ್ತು ಬಿಟ್ಟ ಚೆಂಡನ್ನು ಮತ್ತೆ ಹಾಕಿಲ್ಲ.

ಇರಲಿ, ನೇರದ ಚೆಂಡೇ ಸಾಕು, ಫೈನಲಿಗೆ ತಂದಿದೆಯಲ್ಲ! ಪಿಚ್ ಬಗ್ಗೆ ನನಗೆ ಒಂದು ಅಕ್ಷರವನ್ನೂ ಬರೆಯಬೇಡ. ಆದರೆ ಅವತ್ತು ಶೆಡ್ಡಿನ ಹಿಂದೆ ಹೋಗಿ ನಿಲ್ಲಬೇಡಪ್ಪಾ. ನಾನು ಬೌಲಿಂಗಿಗೆ ಬಂದಾಗಲೆಲ್ಲ ನೀನು ಅಲ್ಲಿಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಸಲ ನೋಡು.

ನೆಲದ ಮೇಲೆ ಕಾಲು ನಿಲ್ಲದ ನಿನ್ನ ಮಗಳು


ಏಪ್ರಿಲ್ 12

ಮಗಳಿಗೆ,

ಪಿಚ್ ಬಗ್ಗೆ ಬರೆಯಬೇಡ ಎಂದಿದ್ದೀಯ. ಬರೆಯುತ್ತಿರುವುದು ಹಳೆಯ ಪಿಚ್ ಬಗ್ಗೆ.

ಎದುರು ತಂಡದವರನ್ನು ಲಿಫ್ಟಿನಿಂದ ಇಳಿಸಿದೆ ಎಂದು ಓದಿದೆ. ಕೆಲಸ ಎಂದರೆ ಅದು. ಒಳಗೆ ಯಾರಿದ್ದಾರೆ ಎಂದು ನೋಡದೆ ಮಾಡುವುದು. ನಾನು ಒಂದು ಸಲ ನೋಡಿಬಿಟ್ಟೆ.

ನಿನ್ನ ಆಯ್ಕೆಗೆ ಮೂರು ದಿನ ಇರುವಾಗ ಒಬ್ಬ ಆಯ್ಕೆಗಾರರು ಮೈದಾನಕ್ಕೆ ಬಂದರು. ಪಟ್ಟಿಯಲ್ಲಿ ನಿನ್ನ ವಿಳಾಸ ಕಂಡಿರಬೇಕು. ಆಗ ನನಗೆ ಕಿವಿ ಕೇಳುತ್ತಿತ್ತು. "ಈ ಸ್ಪಿನ್ ಹಾಕೋ ಹುಡುಗಿ ನಿಮಗೇನಾಗ್ಬೇಕು?" ಎಂದು ಕೇಳಿದರು. ನಾನು "ಏನೂ ಆಗ್ಬೇಕಿಲ್ಲ" ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. ಮಗಳಿಗೆ ಬೇಕಾದಂತೆ ಪಿಚ್ ಒಣಗಿಸಿದ ಎಂದು ನಾಳೆ ಯಾರಾದರೂ ಆಡಿಕೊಂಡರೆ ನಿನ್ನ ಹೆಸರೂ ಕೆಡುತ್ತದೆ, ನನ್ನ ಹೆಸರೂ ಕೆಡುತ್ತದೆ ಎಂದು ಹೆದರಿದೆ. ಅಂದು ಸಂಜೆ ದಿನದ ನೀರಿನ ಮೇಲೆ ಇನ್ನೂ ಇಪ್ಪತ್ತು ನಿಮಿಷ ನೀರು ಬಿಟ್ಟೆ. ಎರಡು ದಿನ ಭಾರದ ರೋಲರ್ ಹೊಡೆದೆ. ಮಣ್ಣು ಕಲ್ಲಿನಂತೆ ಕಟ್ಟಿಕೊಂಡಿತು. ಆ ನೆಲದ ಮೇಲೆ ಬುಗುರಿಯೂ ತಿರುಗುತ್ತಿರಲಿಲ್ಲ. ಮಿಕ್ಕವರಿಗೆ ಅದರಿಂದ ತೊಂದರೆಯಾಗಲಿಲ್ಲ. ಅಂದು ಬಂದವರಲ್ಲಿ ಸ್ಪಿನ್ನರ್ ನೀನೊಬ್ಬಳೇ.

ನೀನು ಬೆರಳನ್ನು ದೂರಿಕೊಂಡೆ. ನಾನು ಸುಮ್ಮನಿದ್ದೆ. ಆ ಚೆಂಡನ್ನೇ ಬಿಟ್ಟುಬಿಟ್ಟೆ ಎಂದು ನಿನ್ನ ಪತ್ರ ಓದುವವರೆಗೆ ನನಗೆ ಗೊತ್ತಿರಲಿಲ್ಲ. ನಾನು ನೋಡುತ್ತಲೇ ಇರಲಿಲ್ಲವಲ್ಲ, ಹೇಗೆ ಗೊತ್ತಾಗಬೇಕು?

ಮೈದಾನದ ದಿನಚರಿಯಿಂದ ಆ ದಿನದ ಹಾಳೆಯನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ. ದಿನಚರಿಯ ಹಾಳೆ ಹರಿದದ್ದು ಇದೇ ಮೊದಲು. ನೀರು, ನಲವತ್ತು ಅಧಿಕ ಇಪ್ಪತ್ತು ನಿಮಿಷ. ಷರಾ ಎಂಬ ಕಡೆ ಏನಾದರೂ ವಿಶೇಷವಿದ್ದರೆ ಬರೆಯಬೇಕು. "ಏನೂ ಇಲ್ಲ" ಎಂದು ಬರೆದಿದ್ದೇನೆ. ನನ್ನದೇ ಅಕ್ಷರ.

ನಿನ್ನ ಬೆರಳು ಸುಳ್ಳಲ್ಲ. ಆ ಚೆಂಡು ಸರಿಯಾಗಿಯೇ ಇತ್ತು.

ಈ ಸಲ ಹೀಗಾಗಬಾರದೆಂದು ಫೈನಲಿನ ವಾರ ರಜೆ ಹಾಕುತ್ತೇನೆ. ಪಿಚ್ಚನ್ನು ಬೇರೆಯವರು ಮಾಡಲಿ.

ಇತಿ,
ಮುಖ್ಯ ಮೈದಾನಪಾಲಕ


ಏಪ್ರಿಲ್ 22

ಮಗಳೇ,

ಇದು ಅಮ್ಮ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀರಿನ ವಿಷಯ ನನಗೂ ಗೊತ್ತಿರಲಿಲ್ಲ. ಕಳೆದ ವಾರ ಹೇಳಿದರು. ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಕಿವಿ ಕೇಳದವರ ಜೊತೆ ಮಾತು ಬಿಟ್ಟರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಮೂರನೇ ದಿನ ನಾನೇ ಚೀಟಿಯಲ್ಲಿ ಬರೆದು ತೋರಿಸಬೇಕಾಯಿತು: "ನಾನು ನಿಮ್ಮ ಜೊತೆ ಮಾತು ಬಿಟ್ಟಿದ್ದೇನೆ."

ಅದನ್ನು ಓದಿ ತಲೆಯಾಡಿಸಿದರು. ಅಂಚೆಯವನು ಬರುವ ಹೊತ್ತಿಗೆ ದಿನಾ ಗೇಟಿನ ಹತ್ತಿರ ನಿಂತಿರುತ್ತಾರೆ. ಬೈದಾದರೂ ನಾಲ್ಕು ಸಾಲು ಬರಿ. ಬೈದರೆ ತಡೆದುಕೊಳ್ಳುತ್ತಾರೆ, ಇದನ್ನು ತಡೆದುಕೊಳ್ಳುತ್ತಿಲ್ಲ.

ನಿನ್ನ ಅಮ್ಮ


ಏಪ್ರಿಲ್ 27

ಅಪ್ಪಾ,

ಬೈಯುತ್ತೇನೆ, ಓದು.

ಮೂರು ದಿನ ಆ ಹಾಳೆಯನ್ನು ಟೂಲ್ ಬಾಕ್ಸಿನಲ್ಲಿಟ್ಟುಕೊಂಡು ತಿರುಗಿದೆ. ಯಾರ ಲಿಫ್ಟಿನಲ್ಲಿ ಹೋದರೂ ತೆಗೆದು ಓದಿದೆ. ಇಪ್ಪತ್ತು ನಿಮಿಷ! ಹನ್ನೆರಡು ವರ್ಷ ನನ್ನ ಕೈಯನ್ನು ನಾನೇ ಬೈದುಕೊಂಡೆ. ಆದರೂ ನೀರನ್ನು ಹೇಗೋ ಕ್ಷಮಿಸುತ್ತೇನೆ. "ಏನೂ ಆಗ್ಬೇಕಿಲ್ಲ" ಅಂದೆಯಲ್ಲ, ಅದನ್ನು ಓದಿ ಅತ್ತೆ. ಏಳನೇ ಮಹಡಿಯ ಮೆಷಿನ್ ರೂಮಿನಲ್ಲಿ ಕೂತು ಜೋರಾಗಿಯೇ ಅತ್ತೆ, ಅಲ್ಲಿ ಮೋಟಾರಿನ ಸದ್ದಿಗೆ ಯಾರಿಗೂ ಕೇಳುವುದಿಲ್ಲ.

ನಾಲ್ಕನೇ ದಿನ ಕೆಲಸ ಮುಗಿಸಿ ಸೀದಾ ನೆಟ್ಸಿಗೆ ಹೋದೆ. ಯಾರಿಗೂ ಏನೂ ಹೇಳದೆ ಹೆಬ್ಬೆರಳು ಬಿಟ್ಟು ಚೆಂಡು ಹಿಡಿದೆ. ಮೊದಲನೆಯದು ಪಕ್ಕದ ನೆಟ್ಸಿಗೆ ಹೋಯಿತು. ಎರಡನೆಯದು ಡ್ರೈವರಿನ ಮೊಣಕಾಲಿಗೆ ಬಿತ್ತು, ಅವಳು ಬಸ್ಸಿಗೆ ಅಡ್ಡ ಬಂದವರಿಗೆ ಬೈಯುವ ಮಾತುಗಳನ್ನೆಲ್ಲ ನನಗೆ ಬೈದಳು. ಮೂರನೆಯದು... ಅಪ್ಪಾ, ಮೂರನೆಯದು ತಿರುಗಿತು! ಎಷ್ಟು ತಿರುಗಿತೆಂದರೆ ನರ್ಸಕ್ಕ ಕೈಯಲ್ಲಿದ್ದ ನೀರಿನ ಬಾಟಲಿ ಬಿಟ್ಟು ಓಡಿಬಂದು ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?" ಅಂದಳು. ನಾನು ಬಚ್ಚಿಟ್ಟದ್ದಲ್ಲ ಅಂದೆ, ಅಷ್ಟೇ ಹೇಳಿದೆ.

ಹತ್ತರಲ್ಲಿ ನಾಲ್ಕು ಮಾತ್ರ ನೆಟ್ಟಗೆ ಬೀಳುತ್ತವೆ. ಪಂದ್ಯದಲ್ಲಿ ಹಾಕುವ ಧೈರ್ಯ ಇನ್ನೂ ಇಲ್ಲ.

ಈಗ ನಿನ್ನ ರಜೆಯ ವಿಷಯ. ನಾವು ಹನ್ನೊಂದು ಜನ ಯಾರ್‍ಯಾರದೋ ಮೇಜಿನ ಮುಂದೆ ಕೈಕಟ್ಟಿ ನಿಂತು ರಜೆ ಕೇಳುತ್ತಿರುವುದು ಆಡಲಿಕ್ಕೆ. ನೀನು ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ರಜೆ ಹಾಕುವುದು ಓಡಿಹೋಗಲಿಕ್ಕಾ? ಹಾಕುವುದಾದರೆ ಹಾಕು, ಆದರೆ ನಮ್ಮ ತಂಡದ ನಿಯಮದಂತೆ ಹಾಕು. "ಸ್ವಂತ ಕೆಲಸ" ಎಂದು ಬರೆದಿರುತ್ತೀಯ, ನನಗೆ ಗೊತ್ತು. ನಿಜವಾದ ಕಾರಣ ಬರಿ.

ನನಗೆ ಒಣ ಪಿಚ್ ಬೇಡ, ಒದ್ದೆ ಪಿಚ್ ಬೇಡ. ನಾನು ಹುಟ್ಟೇ ಇಲ್ಲ ಎಂದುಕೊಂಡು ಒಂದು ಪಿಚ್ ಮಾಡು. ಆಮೇಲೆ ನಾನು ಹುಟ್ಟಿದ್ದೇನೆ ಎಂದುಕೊಂಡು ನೋಡು.

ಕೋಪ ಇನ್ನೂ ಪೂರ್ತಿ ಇಳಿಯದ,
ಮಗಳೇ ಆಗಬೇಕಾದವಳು


ಮೇ 2

ಮಗಳಿಗೆ,

ನಿಮ್ಮ ನಿಯಮದಂತೆ ನಿಜವಾದ ಕಾರಣ ಬರೆಯಲು ಕೂತೆ. "ಮಗಳು ಆಡುತ್ತಾಳೆ, ನೋಡಲು ಹೆದರಿಕೆ" ಎಂದು ಬರೆದೆ. ಅಂಥ ಚೀಟಿಯನ್ನು ಯಾವ ಆಫೀಸಿಗೆ ಕೊಡಲಿ? ಹರಿದೆ.

ನೀರು ದಿನಾ ನಲವತ್ತು ನಿಮಿಷ. ಅಷ್ಟೇ.

ಮೈದಾನಪಾಲಕ


ಮೇ 14

ಮಗಳೇ,

ಅಂದು ನಿನ್ನ ಜೊತೆ ಮಾತಾಡಲಿಕ್ಕೆ ಆಗಲಿಲ್ಲ. ನೀನು ಏನೋ ಹೇಳಿದೆ, ನನಗೆ ಕೇಳಿಸಲಿಲ್ಲ. ನಾನು ಏನೋ ಹೇಳಿದೆ, ಆ ಗದ್ದಲದಲ್ಲಿ ನಿನಗೂ ಕೇಳಿಸಿರಲಿಕ್ಕಿಲ್ಲ. ಅಷ್ಟರಲ್ಲಿ ನಿಮ್ಮ ಡ್ರೈವರ್ "ಬಸ್ ಹೊರಡುತ್ತೆ" ಎಂದು ಕೈಸನ್ನೆ ಮಾಡಿ ಎಲ್ಲರನ್ನೂ ಎಳೆದುಕೊಂಡು ಹೋದಳು. ಬೆಳಿಗ್ಗೆ ಎಲ್ಲರಿಗೂ ಡ್ಯೂಟಿ ಎಂದು ನಿನ್ನಮ್ಮ ಹೇಳಿದಳು. ಕಪ್ ಗೆದ್ದವರು ಮಾರನೇ ದಿನ ಲಿಫ್ಟಿಗೆ ಗ್ರೀಸ್ ಹಚ್ಚುವುದನ್ನು ನಾನು ಎಲ್ಲೂ ಕೇಳಿಲ್ಲ.

ನೀನು ಆಡಿದ್ದು ನಿನಗೆ ಗೊತ್ತು. ನಾನು ಕಂಡದ್ದನ್ನು ಬರೆಯುತ್ತೇನೆ.

ನೀವು ನೂರಹದಿನೆಂಟು ಮಾಡಿದಾಗ ಸಾಲದು ಎಂದುಕೊಂಡೆ. ನೀನು ಮೊದಲ ಓವರಿಗೆ ಬಂದಾಗ ನನ್ನ ಕಾಲು ತಾನಾಗಿ ಶೆಡ್ಡಿನ ಹಿಂದಕ್ಕೆ ಹೊರಟಿತು. ನಿಜ ಹೇಳುತ್ತೇನೆ, ಹೊರಟಿತು. ಅರ್ಧ ದಾರಿಯಲ್ಲಿ ನಿಂತು ವಾಪಸ್ ಬಂದು ಹಗ್ಗದ ಹತ್ತಿರ ನೀರಿನ ಡ್ರಮ್ಮಿನ ಮೇಲೆ ಕೂತೆ. ಏಳದಂತೆ ಎರಡೂ ಕೈಯಲ್ಲಿ ಡ್ರಮ್ಮಿನ ಅಂಚು ಹಿಡಿದುಕೊಂಡೆ.

ಮಗಳು ಬೌಲ್ ಮಾಡುವುದನ್ನು ನಾನು ಮೊದಲ ಸಲ ನೋಡಿದೆ. ಓಡಿ ಬರುವಾಗ ನೀನು ನಾಲಿಗೆ ಕಚ್ಚಿಕೊಳ್ಳುತ್ತೀಯ. ಅದು ನಿನ್ನಮ್ಮ ಸೂಜಿಗೆ ದಾರ ಪೋಣಿಸುವಾಗಿನ ಮುಖ. ಮೂವತ್ತೊಂದು ವರ್ಷಕ್ಕೆ ಇದು ನನಗೆ ಗೊತ್ತಾಗಬೇಕಾಯಿತೇ?

ಕೊನೆಯ ಓವರಿಗೆ ಅವರಿಗೆ ಆರು ರನ್ ಬೇಕಿತ್ತು. ಬ್ಯಾಟ್ ಹಿಡಿದು ನಿಂತವಳು ಆ ಎತ್ತರದವಳು. ನಿಮ್ಮ ನರ್ಸ್ ಚೆಂಡನ್ನು ನಿನ್ನ ಕೈಗೆ ಕೊಟ್ಟು ನಿನ್ನ ಬೆನ್ನು ಸವರಿದಳು, ಮಗು ಹುಟ್ಟಿತು ಎಂದು ಹೇಳುವವಳ ಹಾಗೆ ನಗುತ್ತಿದ್ದಳು. ಐದು ಚೆಂಡು ನೇರಕ್ಕೆ ಹಾಕಿದೆ. ಮೂರು ರನ್ ಹೋಯಿತು. ಕೊನೆಯ ಚೆಂಡಿಗೆ ಮೂರು ಬೇಕು.

ಆಗ ನೀನು ಬಹಳ ಹೊತ್ತು ನಿಂತೆ. ಬೆರಳನ್ನು ಪ್ಯಾಂಟಿಗೆ ಒರೆಸಿದೆ. ಒಂದು ಸಲ ಒರೆಸಿದ್ದು ಸಾಲದೆಂದು ಇನ್ನೊಂದು ಸಲ ಒರೆಸಿದೆ. ಆಮೇಲೆ ಹೆಬ್ಬೆರಳು ಬಿಟ್ಟೆ. ಅಷ್ಟು ದೂರದಿಂದ ನನಗೆ ಅದು ಕಂಡಿತು, ಯಾಕೆಂದರೆ ನಾನೇ ಕಲಿಸಿದ್ದಲ್ಲವೇ? ಹಾಕಬೇಡ, ನೇರದ್ದೇ ಹಾಕು ಎಂದು ಕೂಗಬೇಕೆನಿಸಿತು. ಹಾಕು, ಹಾಕು ಎಂದೂ ಕೂಗಬೇಕೆನಿಸಿತು. ಕೂಗಿಯೂಬಿಟ್ಟೆನಂತೆ, ನಿನ್ನಮ್ಮ ಹೇಳುತ್ತಾಳೆ. ಏನು ಕೂಗಿದೆನೋ ಅವಳಿಗೂ ತಿಳಿಯಲಿಲ್ಲ.

ಚೆಂಡು ಮೇಲಕ್ಕೆ ಹೋಯಿತು. ಎತ್ತರದವಳು ಮುಂದೆ ನುಗ್ಗಿದಳು. ಎಲ್ಲರೂ ಅವಳ ಬ್ಯಾಟು ನೋಡಿದರು, ನಾನು ನೆಲ ನೋಡಿದೆ. ಚೆಂಡು ಬಿದ್ದ ಕಡೆ ಒಂದು ಚಿಟಿಕೆಯಷ್ಟು ಧೂಳು ಎದ್ದಿತು. ಆಮೇಲೆ ಚೆಂಡು ಎಡಕ್ಕೆ ಹೋಯಿತು, ಬ್ಯಾಟು ಬಲಕ್ಕೆ ಹೋಯಿತು. ಡ್ರೈವರ್ ಬೇಲ್ಸ್ ಹಾರಿಸಿದಳು. ಏನಾಯಿತೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಸದ್ದಿಲ್ಲವಲ್ಲ. ನೋಡಿದರೆ ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಿ ತೆರೆದಿತ್ತು, ನಿನ್ನಮ್ಮ ಬೆಂಚಿನ ಮೇಲೆ ನಿಂತು ಪಕ್ಕದವರ ಛತ್ರಿ ಬೀಸುತ್ತಿದ್ದಳು. ಆಗ ಗೊತ್ತಾಯಿತು.

ಎರಡು ರನ್ನಿನಿಂದ! ನಾನೂ ಬರೆದೆ ನೋಡು, ನಿನ್ನ ಹಾಗೆ ಗೀಟು ಚುಕ್ಕೆ ಹಾಕಿ.

ನೀವು ಹೋದ ಮೇಲೆ ರೆಫರಿ ಬಂದರು. ಬೆಳಿಗ್ಗೆ ಪಿಚ್ ನೋಡಿ ಸಹಿ ಮಾಡಿದ್ದವರು ಅವರೇ. ಎತ್ತರದವಳೂ ಜೊತೆಗಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. ದಿನಚರಿ ಕೇಳಿದರು. ತೋರಿಸಿದೆ. ದಿನಾ ನಲವತ್ತು ನಿಮಿಷ ಎಂದು ಬೆರಳಿಟ್ಟು ಓದಿ ತಲೆಯಾಡಿಸಿದರು. ಆಮೇಲೆ ಒಂದು ಚೀಟಿಯಲ್ಲಿ ಬರೆದು ನನ್ನ ಮುಂದೆ ಹಿಡಿದರು. ಯಾವ ಪ್ರಶ್ನೆ ಎಂದು ಓದುವ ಮೊದಲೇ ನನಗೆ ಗೊತ್ತಾಗಿತ್ತು. ಹನ್ನೆರಡು ವರ್ಷದಿಂದ ಅದೇ ಪ್ರಶ್ನೆ ಕಿವಿಯಲ್ಲಿ ಕೂತಿದೆ, ಬೇರೆ ಸದ್ದೆಲ್ಲ ಹೋದರೂ ಅದು ಹೋಗಿಲ್ಲ. ಆ ಬೌಲರ್ ನಿಮಗೇನಾಗಬೇಕು?

"ಮಗಳಾಗ್ಬೇಕು" ಎಂದೆ.

ಮೆಲ್ಲಗೇ ಹೇಳಿದೆ ಎಂದುಕೊಂಡಿದ್ದೆ. ಕಿವುಡನ ಮೆಲುದನಿ ಎಷ್ಟಿರುತ್ತದೆಂದು ನನಗೇನು ಗೊತ್ತು? ಗೇಟಿನಿಂದ ಹೊರಗೆ ಹೋಗುತ್ತಿದ್ದ ಜನ ತಿರುಗಿ ನೋಡಿದರು. ಎತ್ತರದವಳು ನಕ್ಕು ನನ್ನ ಕೈ ಕುಲುಕಿದಳು.

ಪಂದ್ಯ ಮುಗಿದ ಸಂಜೆಯೇ ಪಿಚ್ ಮೇಲಿನ ಗುರುತುಗಳಿಗೆಲ್ಲ ಮಣ್ಣು ತುಂಬಿ ರೋಲರ್ ಹೊಡೆಯಬೇಕು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಂಜೆಯೂ ತಪ್ಪಿಸಿಲ್ಲ. ಕೆಳಗಿರುವುದು ದಿನಚರಿಯ ನಕಲು. ಹಾಳೆ ಹರಿದಿಲ್ಲ, ನೋಡಿ ಬರೆದಿದ್ದೇನೆ.

ಮೇ 11. ನೀರು: 40 ನಿಮಿಷ. ಷರಾ: ಕೊನೆಯ ಚೆಂಡು ಬಿದ್ದ ಗುರುತು ಬಿಟ್ಟು ಉಳಿದದ್ದೆಲ್ಲ ಮುಚ್ಚಿದೆ. ಅದನ್ನು ನಾಳೆ ಮುಚ್ಚುವುದು.

ಮೇ 12. ನೀರು: 40 ನಿಮಿಷ. ಷರಾ: ನಾಳೆ ಮುಚ್ಚುವುದು.

ಮೇ 13. ನೀರು: 40 ನಿಮಿಷ. ಷರಾ: ನಾಳೆ.

ನಿನ್ನ
ಅಪ್ಪ